ಎಂಟು ಗ್ರಹ, ಒಂದೇ ಕೊಪ್ಪರಿಗೆ

ಪ್ರಶ್ನೆ: ಸರ್, ಮಗಳು ಎಂಟನೇ ತರಗತಿ. ಪರೀಕ್ಷೆಯಲ್ಲಿ "ಸೌರಮಂಡಲದ ಎಲ್ಲ ಗ್ರಹಗಳಿಗೂ ಸಮಾನವಾಗಿರುವ ನಾಲ್ಕು ಲಕ್ಷಣ ಬರೆಯಿರಿ" ಎಂದು ಕೇಳಿದ್ದರು. ಅವಳು ಬರೆದದ್ದು ಇಷ್ಟು: ಸೂರ್ಯನನ್ನು ಸುತ್ತುತ್ತವೆ, ದುಂಡಗಿವೆ, ವಾತಾವರಣ ಇದೆ, ಚಂದ್ರ ಇದ್ದಾನೆ. ನಾಲ್ಕಕ್ಕೆ ಎರಡು ಅಂಕ ಬಂತು. ಕೊನೆಯ ಎರಡು ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ. ಇದರ ಮಧ್ಯೆ ಅವಳ ಅಜ್ಜ ಗ್ರಹ ಒಂಬತ್ತು ಅನ್ನುತ್ತಾರೆ, ಪುಸ್ತಕ ಎಂಟು ಅನ್ನುತ್ತದೆ. ನಿಜವಾಗಿ ಎಲ್ಲ ಗ್ರಹಕ್ಕೂ ಸಮಾನವಾಗಿ ಏನೇನಿದೆ? ಹಾಗೆ ಇರುವುದಕ್ಕೆ ಕಾರಣ ಏನು? (ಶಿರಸಿಯಿಂದ ಒಬ್ಬ ತಾಯಿ)

ಉತ್ತರ: ಅಂಕದ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ಕೂಸು ಬರೆದದ್ದರಲ್ಲಿ ಮೊದಲ ಎರಡು ಸರಿ, ಕೊನೆಯ ಎರಡು ತಪ್ಪು. ಅಂಕ ಕೊಟ್ಟವರು ಲೆಕ್ಕ ತಪ್ಪಿಲ್ಲ. ಆದರೆ ಸುಮ್ನೆ ಕೆಂಪು ಗೀಟು ಎಳೆದರೆ ಮಕ್ಕಳಿಗೆ ಏನು ಗೊತ್ತಾಗಬೇಕು? ಈ ಪ್ರಶ್ನೆಯನ್ನು ನಾನೂ ಎಷ್ಟೋ ವರ್ಷ ಮಕ್ಕಳಿಗೆ ಕೇಳಿದ್ದೇನೆ. ಹತ್ತರಲ್ಲಿ ಆರು ಮಕ್ಕಳು ಇದೇ ತಪ್ಪು ಮಾಡುತ್ತಿದ್ದರು. ಕಾರಣ ಸುಲಭ. ನಾವು ಭೂಮಿಯಲ್ಲಿದ್ದೇವೆ. ನಮ್ಮ ಮನೆಯಲ್ಲಿ ಇರುವುದೆಲ್ಲ ಎಲ್ಲರ ಮನೆಯಲ್ಲೂ ಇರುತ್ತದೆ ಅಂದುಕೊಳ್ಳುತ್ತೇವೆ.

ಬುಧನಿಗೆ ವಾತಾವರಣ ಅನ್ನುವಂಥದ್ದು ಇಲ್ಲ. ಅಲ್ಲೊಂದು ಇಲ್ಲೊಂದು ಅಣು ಹಾರಾಡುತ್ತಿರುತ್ತದೆ, ಅಷ್ಟೇ. ಬುಧನಿಗೂ ಶುಕ್ರನಿಗೂ ಚಂದ್ರ ಇಲ್ಲ. ಶನಿಗೆ 270ಕ್ಕೂ ಜಾಸ್ತಿ ಚಂದ್ರರಿದ್ದಾರೆ, ಇವೆರಡಕ್ಕೆ ಒಂದೂ ಇಲ್ಲ. ಬಳೆ ಇರುವುದು ಗುರು, ಶನಿ, ಯುರೇನಸ್, ನೆಪ್ಚೂನ್ ಈ ನಾಲ್ಕಕ್ಕೆ ಮಾತ್ರ. ಇಡೀ ಗ್ರಹಕ್ಕೊಂದು ಕಾಂತಕ್ಷೇತ್ರ ಶುಕ್ರನಿಗಿಲ್ಲ, ಮಂಗಳನಿಗೂ ಇಲ್ಲ. ಕಾಲೂರಿ ನಿಲ್ಲುವ ನೆಲ ಮೊದಲ ನಾಲ್ಕಕ್ಕೆ ಇದೆ, ಆಚೆಯ ನಾಲ್ಕಕ್ಕೆ ಇಲ್ಲ. ಗುರುವಿನ ಮೇಲೆ ಇಳಿಯಲು ಹೋದರೆ ಮೋಡದೊಳಗೆ ಇಳಿಯುತ್ತಾ ಇಳಿಯುತ್ತಾ ಇರುವುದೇ. "ಬಂತು ನೆಲ" ಅನ್ನುವ ಜಾಗ ಸಿಗುವುದಿಲ್ಲ.

ಇನ್ನೊಂದು ಮೋಸದ ಉತ್ತರ ಇದೆ. "ಎಲ್ಲ ಗ್ರಹಗಳೂ ತಮ್ಮ ಸುತ್ತ ತಿರುಗುತ್ತವೆ" ಅಂತ ಬರೆದರೆ ಸರಿ. "ಒಂದೇ ದಿಕ್ಕಿಗೆ ತಿರುಗುತ್ತವೆ" ಅಂತ ಬರೆದರೆ ತಪ್ಪು. ಶುಕ್ರ ಹಿಮ್ಮುಖ ತಿರುಗುತ್ತಾನೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಅದೂ ಎಷ್ಟು ನಿಧಾನ ಅಂದರೆ, ತನ್ನ ಸುತ್ತ ಒಂದು ಸುತ್ತಿಗೆ 243 ದಿನ. ಸೂರ್ಯನ ಸುತ್ತ ಒಂದು ಸುತ್ತಿಗೆ 225 ದಿನ ಸಾಕು. ಯುರೇನಸ್ ಪೂರ್ತಿ ಮಗ್ಗುಲಾಗಿ ಮಲಗಿಬಿಟ್ಟಿದೆ, ಅದರ ಅಕ್ಷ 98 ಡಿಗ್ರಿ ಓರೆ.

ಹಾಗಾದರೆ ಎಂಟಕ್ಕೂ ಇರುವುದು ಏನು?

ಸೂರ್ಯನನ್ನು ಸುತ್ತುವುದು ಹೇಗೂ ಇದೆ. ಆದರೆ ಆ ಮಾತಿನೊಳಗೆ ಇನ್ನೂ ಎರಡು ಮಾತು ಅಡಗಿವೆ, ಪಠ್ಯಪುಸ್ತಕ ಅವನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತದೆ. ಒಂದು, ಎಂಟೂ ಒಂದೇ ದಿಕ್ಕಿಗೆ ಸುತ್ತುತ್ತವೆ. ಇನ್ನೊಂದು, ಎಂಟೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ನನ್ನನ್ನು ಕೇಳಿದರೆ ಇಡೀ ಸೌರಮಂಡಲದಲ್ಲಿ ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿಲ್ಲ.

ದಿಕ್ಕಿನ ಮಾತು ಮೊದಲು. ಧ್ರುವ ನಕ್ಷತ್ರದ ಕಡೆಯಿಂದ ಕೆಳಗೆ ನೋಡಿದರೆ ಎಂಟೂ ಗ್ರಹ ಗಡಿಯಾರದ ಮುಳ್ಳಿಗೆ ಎದುರಾಗಿ ಹೋಗುತ್ತವೆ. ಅಂದರೆ ಅಪ್ರದಕ್ಷಿಣೆ. ಇದನ್ನು ಹೇಳಿದಾಗಲೆಲ್ಲ ಕ್ಲಾಸಿನಲ್ಲಿ ಒಬ್ಬ ಮಾಣಿಯಾದರೂ "ಅಯ್ಯೋ, ದೇವರಿಗೆ ಉಲ್ಟಾ ಸುತ್ತಾ?" ಅಂತ ಕೇಳುತ್ತಿದ್ದ. ಗಾಬರಿ ಬೇಡ. ದಕ್ಷಿಣದ ಕಡೆಯಿಂದ ನೋಡಿದರೆ ಅದೇ ಪ್ರದಕ್ಷಿಣೆ. ನೋಡುವವರು ಎಲ್ಲಿದ್ದಾರೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಎಂಟರಲ್ಲಿ ಒಂದೂ ತಿರುಗಿ ಬೀಳುವುದಿಲ್ಲ ಅನ್ನುವುದು ಮಾತ್ರ ಬದಲಾಗುವುದಿಲ್ಲ. ಸೂರ್ಯನೂ ತನ್ನ ಸುತ್ತ ಅದೇ ದಿಕ್ಕಿಗೆ ತಿರುಗುತ್ತಾನೆ.

ಇನ್ನು ಮಟ್ಟ. ಭೂಮಿ ಸುತ್ತುವ ಮಟ್ಟವನ್ನು ಒಂದು ದೊಡ್ಡ ತೆಳ್ಳೇವು, ಅಂದರೆ ತೆಳು ದೋಸೆ, ಅಂದುಕೊಳ್ಳಿ. ಶುಕ್ರನ ದಾರಿ ಅದಕ್ಕೆ 3.4 ಡಿಗ್ರಿ ಓರೆ. ಶನಿ 2.5, ಮಂಗಳ 1.9, ಗುರು 1.3. ಯುರೇನಸ್ ಒಂದು ಡಿಗ್ರಿಯೂ ಇಲ್ಲ. ಜಾಸ್ತಿ ತಪ್ಪಿದವನು ಬುಧ, ಅವನದ್ದೂ 7 ಡಿಗ್ರಿ ಮಾತ್ರ. ಸೂರ್ಯನ ಮೇಲೆ, ಕೆಳಗೆ, ಅಡ್ಡ ಎಲ್ಲಿ ಬೇಕಾದರೂ ಸುತ್ತಬಹುದಿತ್ತು. ಜಾಗಕ್ಕೇನು ಕೊರತೆ? ಆದರೂ ಎಂಟೂ ಒಂದೇ ತೆಳ್ಳೇವಿನ ಮೇಲೆ ಇವೆ.

ಇದು ಪುಸ್ತಕ ನಂಬಿ ಒಪ್ಪಬೇಕಾದ ಸಂಗತಿ ಅಲ್ಲ. ಕಣ್ಣಾರೆ ನೋಡಬಹುದು. ಆದರೆ ಶಿರಸಿಯಲ್ಲಿ ಸ್ವಲ್ಪ ಕಷ್ಟ. ಅಡಿಕೆ ತೋಟದೊಳಗೆ ನಿಂತರೆ ಆಕಾಶ ರುಮಾಲಿನಷ್ಟು ಕಾಣುತ್ತದೆ, ಗುಡ್ಡ ಹತ್ತಿದರೂ ಪಶ್ಚಿಮಕ್ಕೆ ಮರಗಳೇ. ಕಾರವಾರಕ್ಕೆ ಬನ್ನಿ. ಟಾಗೋರ್ ಕಡಲತೀರದಲ್ಲಿ ಪಶ್ಚಿಮಕ್ಕೆ ಬರೀ ಸಮುದ್ರ, ಬೇಲಿಯೂ ಇಲ್ಲ, ಮರವೂ ಇಲ್ಲ. ಸೂರ್ಯ ಮುಳುಗಿದ ಜಾಗ ಗುರುತಿಟ್ಟುಕೊಳ್ಳಿ. ಮುಕ್ಕಾಲು ಗಂಟೆ ಕಳೆದ ಮೇಲೆ ಅಲ್ಲಿಂದ ಮೇಲಕ್ಕೆ, ಅಂದು ಆಕಾಶದಲ್ಲಿರುವ ಗ್ರಹಗಳನ್ನೆಲ್ಲ ಬೆರಳಿನಿಂದ ಸೇರಿಸುತ್ತಾ ಹೋಗಿ. ಒಂದೇ ಗೆರೆ ಬರುತ್ತದೆ. ಚಂದ್ರನೂ ಆ ಗೆರೆಯ ಹತ್ತಿರವೇ ಇರುತ್ತಾನೆ. ತೆಳ್ಳೇವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡಿದರೆ ಗೆರೆ ಹಾಗೆ ಕಾಣುತ್ತದಲ್ವಾ? ನಾವೂ ಅದೇ ತೆಳ್ಳೇವಿನೊಳಗೆ ಕೂತು ನೋಡುತ್ತಿದ್ದೇವೆ, ಹಾಗಾಗಿ ಗೆರೆ. ನಮ್ಮ ಹಿರಿಯರು ಹನ್ನೆರಡು ರಾಶಿಗಳನ್ನು ಹಂಚಿಟ್ಟದ್ದು ಈ ಗೆರೆಯ ಮೇಲೆಯೇ.

ಇಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲ ಇದೆ. ಕಾರವಾರ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಈ ಗೆರೆ ಸಮುದ್ರದಿಂದ ಸಾಕಷ್ಟು ನೆಟ್ಟಗೆ ಎದ್ದು ನಿಲ್ಲುತ್ತದೆ. ಲಂಡನ್ನಿನಂಥ ಊರಲ್ಲಿ ವರ್ಷದ ಕೆಲವು ತಿಂಗಳು ಅದು ನೆಲಕ್ಕೆ ಒರಗಿಕೊಂಡೇ ಇರುತ್ತದೆ. ಇದರ ಲಾಭ ಸಿಗುವುದು ಬುಧನನ್ನು ಹುಡುಕುವಾಗ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಗೆರೆ ಒರಗಿದ್ದರೆ ಬುಧ ಮಬ್ಬಿನಲ್ಲೇ ಮುಳುಗಿಹೋಗುತ್ತಾನೆ. ನೆಟ್ಟಗಿದ್ದರೆ ಕತ್ತಲಾದ ಮೇಲೂ ಸಮುದ್ರದ ಮೇಲೆ ಸ್ವಲ್ಪ ಹೊತ್ತು ಸಿಗುತ್ತಾನೆ.

2020ರ ಡಿಸೆಂಬರ್ 21ರ ಸಂಜೆ ನೆನಪಿದೆಯಾ? ಗುರು ಮತ್ತು ಶನಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡಿದ್ದವು. ನಡುವೆ ಇದ್ದ ಅಂತರ ಡಿಗ್ರಿಯ ಹತ್ತರಲ್ಲಿ ಒಂದು ಭಾಗ, ಹುಣ್ಣಿಮೆ ಚಂದ್ರನ ಅಗಲದ ಐದರಲ್ಲಿ ಒಂದು ಪಾಲು. ನಾನು ಅವತ್ತು ಮರಳಿನ ಮೇಲೆ ಬೈನಾಕ್ಯುಲರ್ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಬಲೆ ಸರಿ ಮಾಡುತ್ತಿದ್ದ ಒಬ್ಬರು ಬಂದು ನೋಡಿದರು. "ಎರಡೂ ಡಿಕ್ಕಿ ಹೊಡೀತಾವಾ ಮಾಸ್ತರೆ?" ಅಂದರು. ಇಲ್ಲ ಮಾರಾಯ್ರೆ, ಅವೆರಡರ ನಡುವೆ 70 ಕೋಟಿ ಕಿಲೋಮೀಟರಿಗೂ ಜಾಸ್ತಿ ದೂರ ಇದೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಆದರೆ ಅವರ ಪ್ರಶ್ನೆ ಪೆದ್ದಲ್ಲ. ಗುರು ಒಂದು ಮಟ್ಟದಲ್ಲಿ, ಶನಿ ಇನ್ನೊಂದು ಮಟ್ಟದಲ್ಲಿ ಎಲ್ಲೆಲ್ಲೋ ಸುತ್ತುತ್ತಿದ್ದರೆ ಹೀಗೆ ಅಂಟಿಕೊಂಡು ಕಾಣುವ ಸಂದರ್ಭವೇ ಅಪರೂಪವಾಗುತ್ತಿತ್ತು. ಇವು ಸುಮಾರು 20 ವರ್ಷಕ್ಕೊಮ್ಮೆ ಹತ್ತಿರ ಬರುತ್ತವೆ. ಮುಂದಿನ ಸಲ 2040ರಲ್ಲಿ. ನಿಮ್ಮ ಮಗಳು ಅಷ್ಟೊತ್ತಿಗೆ ತನ್ನ ಮಕ್ಕಳಿಗೆ ತೋರಿಸಬಹುದು.

ಈಗ ಮೂರನೆಯ ಸಮಾನ ಗುಣ, ನನಗೆ ಬಹಳ ಇಷ್ಟವಾದದ್ದು. ಎಂಟೂ ಗ್ರಹಗಳು ಒಂದೇ ಲೆಕ್ಕಕ್ಕೆ ತಲೆಬಾಗುತ್ತವೆ. ಖಗೋಳಜ್ಞ ಜೊಹಾನೆಸ್ ಕೆಪ್ಲರ್ ಅದನ್ನು 1619ರಲ್ಲಿ ಪ್ರಕಟಿಸಿದ. ಸೂರ್ಯನಿಂದ ಭೂಮಿಗೆ ಇರುವ ದೂರ ಒಂದು ಮಾರು ಅಂತ ಇಟ್ಟುಕೊಳ್ಳಿ. ಯಾವುದೇ ಗ್ರಹದ ದೂರವನ್ನು ಮಾರಿನಲ್ಲಿ ಬರೆಯಿರಿ. ಅದನ್ನು ಅದರಿಂದಲೇ ಎರಡು ಸಲ ಗುಣಿಸಿ. ಬಂದದ್ದರ ವರ್ಗಮೂಲ ತೆಗೆಯಿರಿ. ಅದು ಆ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಬೇಕಾದ ವರ್ಷ.

ಗುರುವಿನ ದೂರ 5.2 ಮಾರು. 5.2 × 5.2 × 5.2 ಮಾಡಿದರೆ 140.6. ಅದರ ವರ್ಗಮೂಲ 11.86. ಗುರು ಸೂರ್ಯನನ್ನು ಸುತ್ತಲು ನಿಜವಾಗಿ ತೆಗೆದುಕೊಳ್ಳುವುದು 11.86 ವರ್ಷ. ಶನಿಯ ದೂರ ಸುಮಾರು 9.55 ಮಾರು. ಇದೇ ಲೆಕ್ಕ ಹಾಕಿ, 29.5 ವರ್ಷ ಬರುತ್ತದೆ. ಮಗಳ ಹತ್ತಿರ ಕ್ಯಾಲ್ಕುಲೇಟರ್ ಕೊಟ್ಟು ಮಾಡಿಸಿ. ನೆಪ್ಚೂನ್ 30 ಮಾರು. ಉತ್ತರ ನಾನು ಹೇಳುವುದಿಲ್ಲ.

ಈ ಲೆಕ್ಕದ ಫಲ ನಿಮ್ಮ ಮನೆಯ ಪಂಚಾಂಗದಲ್ಲೂ ಇದೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ ಅಂತ ಅಜ್ಜನಿಗೆ ಗೊತ್ತು. ಹನ್ನೆರಡು ರಾಶಿ, ಹನ್ನೆರಡು ವರ್ಷ. ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ. 29.5ನ್ನು 12ರಿಂದ ಭಾಗಿಸಿದರೆ ಅದೇ ಬರುತ್ತದೆ. ಮೂರು ರಾಶಿ ದಾಟಲು ಏಳೂವರೆ ವರ್ಷ, ಅದೇ ಸಾಡೇಸಾತಿ. ಸಾಡೇಸಾತಿಯ ಫಲದ ಬಗ್ಗೆ ನನ್ನ ಅಭಿಪ್ರಾಯ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಏಳೂವರೆ ಬಂದದ್ದು ಶನಿ ಸೂರ್ಯನಿಂದ ಅಷ್ಟು ದೂರ ಇರುವುದರಿಂದ. ಹತ್ತಿರ ಇದ್ದಿದ್ದರೆ ಬೇಗ ಮುಗಿಯುತ್ತಿತ್ತು! ದೂರದ ಗ್ರಹ ಹೋಗುವ ದಾರಿಯೂ ಉದ್ದ, ವೇಗವೂ ಕಡಿಮೆ. ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡುತ್ತಾನೆ. ಭೂಮಿ 30. ನೆಪ್ಚೂನ್ ಐದೂವರೆಯೂ ಇಲ್ಲ.

ದಾರಿಗಳು ಪೂರ್ತಿ ವೃತ್ತವಲ್ಲ, ಸ್ವಲ್ಪ ಮೊಟ್ಟೆಯಾಕಾರ. ಇದೂ ಎಂಟಕ್ಕೂ ಸಮಾನ. ಆದರೆ ಪುಸ್ತಕದ ಚಿತ್ರಗಳಲ್ಲಿ ಕಾಣುವಷ್ಟು ಉದ್ದ ಮೊಟ್ಟೆಯಲ್ಲ. ಭೂಮಿ ಜನವರಿ ಮೊದಲ ವಾರ ಸೂರ್ಯನಿಗೆ ಹತ್ತಿರ, 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರ ದೂರ, 15.2 ಕೋಟಿ. ಇದನ್ನು ಕಾಗದದ ಮೇಲೆ ಬರೆದರೆ ವೃತ್ತ ಅಂತಲೇ ಅನ್ನುತ್ತೀರಿ. ಹತ್ತಿರ ಬಂದಾಗ ಶಿರಸಿಯಲ್ಲಿ ಚಳಿ, ಗಮನಿಸಿ. ಅಂದಮೇಲೆ ಬೇಸಿಗೆ, ಚಳಿಗಾಲಕ್ಕೆ ದೂರ ಹತ್ತಿರ ಕಾರಣ ಅಲ್ಲ. ಅದು ಇನ್ನೊಂದು ಪ್ರಶ್ನೆ, ಇನ್ನೊಂದು ದಿನ.

ದುಂಡಗಿರುವುದು ನಿಮ್ಮ ಮಗಳು ಬರೆದಾಗಿದೆ. ತೂಕ ಜಾಸ್ತಿಯಾದರೆ ಗುರುತ್ವ ಎಲ್ಲವನ್ನೂ ಒಳಕ್ಕೆ ಎಳೆದು ಉಂಡೆ ಮಾಡುತ್ತದೆ. ಮಂಗಳನ ಚಂದ್ರ ಫೋಬೋಸ್ ಸುಮಾರು 22 ಕಿಲೋಮೀಟರ್ ಅಷ್ಟೇ, ಅದು ಬಟಾಟೆಯ ಹಾಗೆ ಸೊಟ್ಟಗಿದೆ. ಅದಕ್ಕೆ ತನ್ನನ್ನು ಉಂಡೆ ಮಾಡಿಕೊಳ್ಳುವ ತಾಕತ್ತಿಲ್ಲ. ಗ್ರಹಗಳಿಗೆ ಇದೆ. ಆದರೂ ಪೂರ್ತಿ ದುಂಡಗಲ್ಲ, ತಿರುಗುವ ರಭಸಕ್ಕೆ ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ. ಶನಿಯ ಹೊಟ್ಟೆಯ ಅಗಲ 1,20,500 ಕಿಲೋಮೀಟರ್, ತಲೆಯಿಂದ ಕಾಲಿಗೆ 1,08,700. ವ್ಯತ್ಯಾಸವೇ ಹೆಚ್ಚು ಕಡಿಮೆ ಒಂದು ಭೂಮಿಯಷ್ಟಾಯಿತು! ಸಣ್ಣ ದೂರದರ್ಶಕದಲ್ಲೂ ಶನಿ ಚಪ್ಪಟೆಯಾಗಿ ಕಾಣುತ್ತದೆ.

ಸ್ವಂತ ಬೆಳಕಿಲ್ಲದಿರುವುದೂ ಎಂಟಕ್ಕೂ ಸಮಾನ. ನಮಗೆ ಕಾಣುವುದು ಸೂರ್ಯನ ಸಾಲದ ಬೆಳಕು. ಗೆಲಿಲಿಯೊ 1610ರಲ್ಲಿ ಶುಕ್ರನೂ ಚಂದ್ರನ ಹಾಗೆ ಕ್ಷೀಣಿಸಿ ತುಂಬುವುದನ್ನು ಕಂಡಿದ್ದ, ಅಲ್ಲಿಗೆ ಈ ವಿಷಯ ತೀರ್ಮಾನವಾಯಿತು. ವಯಸ್ಸೂ ಹೆಚ್ಚು ಕಡಿಮೆ ಒಂದೇ, ಸುಮಾರು 456 ಕೋಟಿ ವರ್ಷ. ಈ ಲೆಕ್ಕ ಸಿಕ್ಕಿದ್ದು ಉಲ್ಕಾಶಿಲೆಗಳಲ್ಲಿರುವ ಯುರೇನಿಯಂನಿಂದ. ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ. ಸೀಸ ಎಷ್ಟಾಗಿದೆ ಅಂತ ಅಳೆದರೆ ಕಲ್ಲಿನ ವಯಸ್ಸು ಗೊತ್ತಾಗುತ್ತದೆ. ನಮ್ಮ ಕೈಗಾದಲ್ಲಿ ಉರಿಸುವುದೂ ಅದೇ ಯುರೇನಿಯಂ. ಅದರ ಮುಖ್ಯ ಬಗೆ ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಅಂದರೆ ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಅರ್ಧ ಇನ್ನೂ ಹಾಗೇ ಇದೆ. ಆ ಹೆಸರು ಬಂದದ್ದೂ ಗ್ರಹದಿಂದಲೇ. 1781ರಲ್ಲಿ ಯುರೇನಸ್ ಪತ್ತೆಯಾಯಿತು. ಎಂಟು ವರ್ಷದ ನಂತರ ಹೊಸ ಮೂಲವಸ್ತು ಗುರುತಿಸಿದವರು ಅದೇ ಹೆಸರು ಇಟ್ಟರು.

ಇಲ್ಲಿಗೆ "ಏನು" ಮುಗಿಯಿತು. ಇನ್ನು ನೀವು ಕೇಳಿದ "ಯಾಕೆ".

ನೀವು ಶಿರಸಿಯವರು, ಆಲೆಮನೆಗೆ ಹೋಗಿಯೇ ಇರುತ್ತೀರಿ. ನಾನು ಚಿಕ್ಕವನಿದ್ದಾಗ ಸಿದ್ದಾಪುರದ ಕಡೆ ನೆಂಟರ ಮನೆಯಲ್ಲಿ ಗಾಣಕ್ಕೆ ಕೋಣ ಕಟ್ಟುತ್ತಿದ್ದರು. ಕಬ್ಬಿನ ಹಾಲು ಕೊಪ್ಪರಿಗೆಗೆ ಸುರಿದಾಗ ಮೊದಲು ಎಲ್ಲ ಅಡ್ಡಾದಿಡ್ಡಿ. ಒಂದು ಚೂರು ಆ ಕಡೆ ಹೋಗುತ್ತದೆ, ಒಂದು ಈ ಕಡೆ. ಒಂದಕ್ಕೊಂದು ಹಾಯುತ್ತವೆ. ಹುಟ್ಟು ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ಎದುರು ಹೋಗುತ್ತಿದ್ದ ಚೂರುಗಳೂ ಢಿಕ್ಕಿ ಹೊಡೆದು ಸೋತು ಉಳಿದವರ ಜೊತೆ ಸೇರುತ್ತವೆ. ಆಮೇಲೆ ಕೈ ತೆಗೆದರೂ ಎಲ್ಲ ಒಂದೇ ದಿಕ್ಕಿಗೆ ಸುತ್ತುತ್ತಿರುತ್ತವೆ. ಎದುರು ಹೋಗುವವನು ಒಬ್ಬನೂ ಉಳಿದಿರುವುದಿಲ್ಲ. ನಾನು ಒಲೆಯ ಬಿಸಿಗೆ ಮುಖ ಒಡ್ಡಿಕೊಂಡು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ.

ಗ್ರಹಗಳು ಹುಟ್ಟಿದ್ದೂ ಅಂಥ ಒಂದು ಕೊಪ್ಪರಿಗೆಯಲ್ಲಿ. ಅನಿಲ ಮತ್ತು ದೂಳಿನ ದೊಡ್ಡ ಮೋಡ ತನ್ನದೇ ಭಾರಕ್ಕೆ ಕುಸಿಯಿತು. ಹುಟ್ಟು ಹಿಡಿದು ತಿರುಗಿಸುವವರು ಅಲ್ಲಿ ಯಾರೂ ಇರಲಿಲ್ಲ. ಮೋಡಕ್ಕೇ ಒಂಚೂರು ತಿರುಗುವಿಕೆ ಇತ್ತು. ಮೋಡ ಕುಗ್ಗಿದಂತೆ ಆ ತಿರುಗುವಿಕೆ ಜೋರಾಯಿತು. ಯಕ್ಷಗಾನದಲ್ಲಿ ಗಿರ್ಕಿ ಹೊಡೆಯುವ ಕಲಾವಿದ ಕೈ ಒಳಗೆ ಎಳೆದುಕೊಂಡಾಗ ವೇಗ ಏರುತ್ತದಲ್ಲ, ಅದೇ ಕಾರಣ. ಮೋಡ ಚಪ್ಪಟೆಯಾದದ್ದೂ ಇದರಿಂದಲೇ. ಸುತ್ತುವ ದಿಕ್ಕಿನಲ್ಲಿ ಒಳಗೆ ಬೀಳದಂತೆ ಆ ಓಟವೇ ತಡೆಯುತ್ತದೆ. ಮೇಲಿನಿಂದ, ಕೆಳಗಿನಿಂದ ಬೀಳುವುದಕ್ಕೆ ಅಂಥ ತಡೆ ಇಲ್ಲ. ಹಾಗಾಗಿ ಮೇಲಿನದ್ದೂ ಕೆಳಗಿನದ್ದೂ ಮಧ್ಯಕ್ಕೆ ಬಂದು ಕೂತು, ಉಂಡೆ ಇದ್ದದ್ದು ತೆಳ್ಳೇವಾಯಿತು. ನಡುವೆ ಬಿದ್ದ ಪಾಲೆಲ್ಲ ಸೂರ್ಯನಾಯಿತು. ಇವತ್ತಿಗೂ ಇಡೀ ಸೌರಮಂಡಲದ ತೂಕದಲ್ಲಿ ನೂರಕ್ಕೆ 99.8 ಪಾಲಿಗಿಂತ ಜಾಸ್ತಿ ಸೂರ್ಯನದ್ದೇ. ಎಂಟೂ ಗ್ರಹ ಸೇರಿ ಕೊಪ್ಪರಿಗೆಯ ಅಂಚಿಗೆ ಅಂಟಿದ ಜೋನಿ ಬೆಲ್ಲದಷ್ಟು.

ತಿರುಗುವ ಈ ತೆಳ್ಳೇವಿನಲ್ಲಿ ದೂಳು ದೂಳಿಗೆ ಅಂಟಿ ಕಲ್ಲಾಯಿತು, ಕಲ್ಲು ಕಲ್ಲಿಗೆ ಸೇರಿ ಗ್ರಹವಾಯಿತು. ಹುಟ್ಟಿದವೆಲ್ಲ ಅದೇ ಮಟ್ಟದಲ್ಲಿ, ಅದೇ ದಿಕ್ಕಿಗೆ ಹೋಗುವುದು ಸಹಜ ತಾನೇ? ಹುಟ್ಟಿದಾಗ ಬಿಸಿಯಿಂದ ಕರಗಿದ್ದವು. ಬೆಲ್ಲ ಕುದಿಯುವಾಗ ನೊರೆ ಮೇಲೆ ಬಂದು, ಮಣ್ಣು ತಳ ಸೇರುವ ಹಾಗೆ, ಹಗುರದ್ದು ಮೇಲೆ ಬಂತು, ಭಾರದ್ದು ಒಳಗೆ ಇಳಿಯಿತು. ಒಳಗೆ ಹೋದಂತೆ ಭಾರದ ವಸ್ತು ಜಾಸ್ತಿ ಇರುವುದು ಎಂಟಕ್ಕೂ ಸಮಾನ. ನಾವು ತುಳಿಯುವ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಇಡೀ ಭೂಮಿಯ ಸರಾಸರಿ ತೆಗೆದರೆ 5.5 ಪಟ್ಟು. ಅಂದಮೇಲೆ ಒಳಗೆ ಕಬ್ಬಿಣದಂಥ ಭಾರದ್ದು ಇರಲೇಬೇಕು. ಗುರುವಿನಲ್ಲಿ ಮಾತ್ರ ಈ ಪದರಗಳಿಗೆ ಖಡಕ್ ಗಡಿ ಇಲ್ಲ. ಜುನೋ ನೌಕೆಯ ಅಳತೆಗಳ ಪ್ರಕಾರ ಅದರ ತಿರುಳು ಸುತ್ತಲಿನ ಅನಿಲದ ಜೊತೆ ಕಲಸಿಹೋಗಿದೆ.

ಒಲೆಯ ಹತ್ತಿರ ಇಟ್ಟದ್ದು ಒಣಗುತ್ತದೆ, ದೂರ ಇಟ್ಟದ್ದು ಹಸಿಯಾಗಿ ಉಳಿಯುತ್ತದೆ. ಸೂರ್ಯನ ಹತ್ತಿರ ನೀರು ಮಂಜುಗಡ್ಡೆಯಾಗಿ ನಿಲ್ಲಲಿಲ್ಲ, ಕಲ್ಲು ಲೋಹ ಮಾತ್ರ ನಿಂತವು. ಅಲ್ಲಿ ಹುಟ್ಟಿದ ನಾಲ್ಕೂ ಸಣ್ಣವು, ಗಟ್ಟಿ. ಆಚೆ ಮಂಜುಗಡ್ಡೆಯೂ ಸೇರಿ ಗ್ರಹಗಳು ಬೇಗ ದೊಡ್ಡದಾದವು, ಸುತ್ತಲಿನ ಅನಿಲವನ್ನೂ ಬಾಚಿಕೊಂಡವು. ಶುಕ್ರ ಹಿಮ್ಮುಖ ತಿರುಗುವುದು, ಯುರೇನಸ್ ಮಲಗಿರುವುದು, ನಮಗೆ ಒಬ್ಬನೇ ಚಂದ್ರ ಇರುವುದು, ಇವೆಲ್ಲ ಆಮೇಲಿನ ಕತೆ. ಹುಟ್ಟಿನಿಂದ ಬಂದ ಗುಣ ಎಂಟಕ್ಕೂ ಉಳಿಯಿತು. ಬೆಳೆಯುವಾಗ ಬಿದ್ದು ಎದ್ದು ಆದದ್ದು ಒಂದೊಂದಕ್ಕೆ ಒಂದೊಂದು ಥರ. ನಿಮ್ಮ ಮಗಳು ಬರೆದ ಚಂದ್ರ, ವಾತಾವರಣ ಎರಡೂ ಈ ಎರಡನೇ ಪಟ್ಟಿಗೆ ಸೇರಬೇಕಾದವು.

ಮೋಡದ ಈ ಯೋಚನೆ ಹಳೆಯದು. ತತ್ವಜ್ಞಾನಿ ಕಾಂಟ್ 1755ರಲ್ಲಿ, ಗಣಿತಜ್ಞ ಲಾಪ್ಲಾಸ್ 1796ರಲ್ಲಿ ಹೇಳಿದ್ದರು. ಅವರ ಕಾಲದಲ್ಲಿ ಅದು ಊಹೆ. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ ಎಚ್‌ಎಲ್ ಟೌರಿ ಅನ್ನುವ ಎಳೆಯ ನಕ್ಷತ್ರದ ಚಿತ್ರ ತೆಗೆಯಿತು. ಸುತ್ತ ಚಪ್ಪಟೆ ತಟ್ಟೆ, ಅದರಲ್ಲಿ ಗ್ರಾಮಫೋನ್ ತಟ್ಟೆಯ ಹಾಗೆ ಗೆರೆ ಗೆರೆ. ಅದನ್ನು ನೋಡಿದ ದಿನ ನಾನು ಮನೆಯವರನ್ನೆಲ್ಲ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದ್ದೆ. ಹಾಗಂತ ಎಲ್ಲ ನಕ್ಷತ್ರದ ಮನೆಯೂ ನಮ್ಮಷ್ಟು ಶಿಸ್ತಿನದಲ್ಲ. 1995ರಲ್ಲಿ ಸೂರ್ಯನಂಥ ಬೇರೆ ನಕ್ಷತ್ರದ ಸುತ್ತ ಸಿಕ್ಕ ಮೊದಲ ಗ್ರಹ ನಾಲ್ಕು ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ, ಅದೂ ಗುರುವಿನ ಅರ್ಧದಷ್ಟು ತೂಕ ಇಟ್ಟುಕೊಂಡು. ನಕ್ಷತ್ರ ತಿರುಗುವ ದಿಕ್ಕಿಗೆ ಎದುರಾಗಿ ಸುತ್ತುವ ಗ್ರಹಗಳೂ ಆಮೇಲೆ ಸಿಕ್ಕಿವೆ.

ಈಗ ಅಜ್ಜನ ಒಂಬತ್ತು. ಇಲ್ಲಿ ಎರಡು ಒಂಬತ್ತು ಕಲಸಿಹೋಗಿವೆ. ನಾನು ಶಾಲೆಯಲ್ಲಿ ಓದಿದ ಒಂಬತ್ತರಲ್ಲಿ ಪ್ಲೂಟೊ ಇತ್ತು. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮೂರು ಷರತ್ತು ಹಾಕಿತು: ಸೂರ್ಯನನ್ನು ಸುತ್ತಬೇಕು, ದುಂಡಗಾಗುವಷ್ಟು ತೂಕ ಇರಬೇಕು, ತನ್ನ ದಾರಿಯ ಸುತ್ತಮುತ್ತ ಗುಡಿಸಿ ಚೊಕ್ಕ ಮಾಡಿರಬೇಕು. ಪ್ಲೂಟೊ ಮೂರನೆಯದರಲ್ಲಿ ಸೋತಿತು. ಅದರ ದಾರಿ 17 ಡಿಗ್ರಿ ಓರೆ, 1979ರಿಂದ 1999ರ ತನಕ ಅದು ನೆಪ್ಚೂನ್‌ಗಿಂತ ಸೂರ್ಯನಿಗೆ ಹತ್ತಿರ ಇತ್ತು. ತೆಳ್ಳೇವಿನಿಂದ ಹೊರಗೆ ಎದ್ದ ಅಂಚು ಅದು. ನನಗೇನೂ ಬೇಸರ ಇಲ್ಲ.

ಅಜ್ಜನ ಒಂಬತ್ತು ಬೇರೆ. ಅದರಲ್ಲಿ ಸೂರ್ಯ, ಚಂದ್ರ ಇದ್ದಾರೆ, ಭೂಮಿ ಇಲ್ಲ. ರಾಹು, ಕೇತು ವಸ್ತುಗಳೇ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದು. ಗ್ರಹಣ ಆಗುವುದು ಆ ಬಿಂದುಗಳ ಹತ್ತಿರವೇ, ಹಾಗಾಗಿ ಹಳಬರು ಅವಕ್ಕೆ ಲೆಕ್ಕದಲ್ಲಿ ಜಾಗ ಕೊಟ್ಟರು. ನಕ್ಷತ್ರಗಳ ನಡುವೆ ಜಾಗ ಬದಲಿಸುವ ಎಲ್ಲವನ್ನೂ ಅವರು ಗ್ರಹ ಅಂದರು. ಅವರ ವ್ಯಾಖ್ಯೆಯ ಪ್ರಕಾರ ಅವರು ಸರಿ.

ಮಜಾ ಏನು ಗೊತ್ತಾ? ಅಜ್ಜನ ಒಂಬತ್ತರೊಳಗೆ ನಮ್ಮ ಗ್ರಹಗಳನ್ನು ಪಂಚಾಂಗವೇ ಆರಿಸಿ ಕೊಡುತ್ತದೆ. "ವಕ್ರ", ಅಂದರೆ ಹಿಂದಕ್ಕೆ ಹೋಗುವುದು, ಅಂತ ಬರೆದಿರುವುದನ್ನು ನೋಡಿ. ಸೂರ್ಯ, ಚಂದ್ರ ಯಾವತ್ತೂ ವಕ್ರಿಯಾಗುವುದಿಲ್ಲ. ರಾಹು, ಕೇತು ಯಾವಾಗಲೂ ವಕ್ರ. ಒಮ್ಮೆ ನೇರ, ಒಮ್ಮೆ ವಕ್ರ ಹೋಗುವವರು ಐದೇ ಜನ: ಕುಜ (ಮಂಗಳ), ಬುಧ, ಗುರು, ಶುಕ್ರ, ಶನಿ. ಅವೇ ಸೂರ್ಯನನ್ನು ಸುತ್ತುವ ಗ್ರಹಗಳು. ಕಾರವಾರದಿಂದ ಅಂಕೋಲೆಗೆ ಹೋಗುವಾಗ ನಿಮ್ಮ ಬಸ್ಸು ನಿಧಾನದ ಲಾರಿಯನ್ನು ಹಿಂದೆ ಹಾಕುತ್ತದೆ. ಆಚೆಯ ಗುಡ್ಡಕ್ಕೆ ಹೋಲಿಸಿದರೆ ಲಾರಿ ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ಲಾರಿ ಮುಂದಕ್ಕೇ ಹೋಗುತ್ತಿದೆ. ಭೂಮಿ ಮಂಗಳನನ್ನೋ ಶನಿಯನ್ನೋ ದಾಟುವಾಗ ಆಗುವುದೂ ಇದೇ. ಬುಧ, ಶುಕ್ರ ನಮ್ಮನ್ನು ದಾಟುವಾಗಲೂ ಅಷ್ಟೇ. ಯುರೇನಸ್, ನೆಪ್ಚೂನ್ ಕೂಡ ಆಗಾಗ ವಕ್ರಿಯಾಗುತ್ತವೆ. ಭೂಮಿಯಿಂದ ನೋಡಿದರೆ ಉಳಿದ ಏಳಕ್ಕೂ ಸಮಾನವಾದ ಗುಣ ಇದು, ಆದರೆ ಪರೀಕ್ಷೆಯಲ್ಲಿ ಬರೆಯಬೇಡಿ ಅನ್ನಿ, ತಿದ್ದುವವರಿಗೆ ತಲೆಬಿಸಿ.

ಗ್ರಹಣದ ಮಾತು ಬಂತು, ಒಂದು ಹೇಳಿಬಿಡುತ್ತೇನೆ. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಸಮುದ್ರದಿಂದ ಬಂದು ನಮ್ಮ ಅಂಕೋಲೆಯ ಮೇಲೆಯೇ ಹಾದುಹೋಯಿತು. ಹಗಲಲ್ಲೇ ಶುಕ್ರ ಕಾಣುವ ಸಂದರ್ಭ. ನಾನಾಗ ಹುಡುಗ. ಮನೆಯಲ್ಲಿ ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ಹಂಚಿನ ಸಂದಿಯಿಂದ ಸಗಣಿ ಸಾರಿಸಿದ ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ದುಂಡು ಚುಕ್ಕೆಗಳು ಒಂದೊಂದೇ ಕುಡುಗೋಲಿನ ಆಕಾರ ತಾಳಿದವು. ಆಮೇಲೆ ಕತ್ತಲು. ಸೂರ್ಯ ಮತ್ತು ಗ್ರಹಗಳನ್ನು ಒಂದೇ ಗೆರೆಯಲ್ಲಿ ಒಟ್ಟಿಗೆ ನೋಡುವ ಅಂಥ ಅವಕಾಶ ನನಗೆ ಇನ್ನೂ ಸಿಕ್ಕಿಲ್ಲ.

ಉತ್ತರಪತ್ರಿಕೆಗೆ ನಾಲ್ಕು ಬೇಕು ಅಂದಿರಿ. ಮಗಳಿಗೆ ಹೀಗೆ ಬರೆಯಲು ಹೇಳಿ: ಎಲ್ಲವೂ ಸೂರ್ಯನನ್ನು ಒಂದೇ ದಿಕ್ಕಿಗೆ, ಸುಮಾರು ಒಂದೇ ಸಮತಲದಲ್ಲಿ ಸುತ್ತುತ್ತವೆ. ಎಲ್ಲವೂ ತಮ್ಮ ಅಕ್ಷದ ಮೇಲೆ ತಿರುಗುತ್ತವೆ. ಎಲ್ಲವೂ ಗುರುತ್ವದಿಂದ ದುಂಡಗಾಗಿವೆ. ಯಾವುದಕ್ಕೂ ಸ್ವಂತ ಬೆಳಕಿಲ್ಲ.

ಮಳೆಗಾಲದಲ್ಲಿ ಬಂದು ಪ್ರಯೋಜನ ಇಲ್ಲ, ದೀಪಾವಳಿ ಕಳೆದ ಮೇಲೆ ಬನ್ನಿ. ದೇವಿಮನೆ ಘಟ್ಟ ಇಳಿದು ಕುಮಟೆ, ಅಂಕೋಲೆ ಮೇಲೆ ಬಂದರೆ ಸೂರ್ಯಾಸ್ತಕ್ಕೆ ಸರಿಯಾಗಿ ತಲುಪಬಹುದು. ಗ್ರಹಗಳು ನಕ್ಷತ್ರದಷ್ಟು ಮಿನುಗುವುದಿಲ್ಲ, ಗುರುತು ಹಿಡಿಯಲು ಅದೇ ಸುಲಭದ ದಾರಿ. ಸಮುದ್ರದ ಮೇಲೆ ಒಂದು ಬೆಳಕು ಲೆಕ್ಕ ಹಾಕಿದ ಹಾಗೆ ಹೊತ್ತಿ ಆರುತ್ತಿದ್ದರೆ ಅದನ್ನು ಬುಧ ಅಂದುಕೊಳ್ಳಬೇಡಿ. ಅದು ದೇವಗಡದ ದೀಪಸ್ತಂಭ.